ಸೀಮೆಕಲ್ಲಿನ ಆಚೆ

"ಇನ್ನ ಮುಗೀತ್ರಿ ಅಕ್ಕೋರ. ನಮ್ಮ ಜುಟ್ಟು ಮಂಡಲದವ್ರ ಕೈಯಾಗ ಹೋತು," ಎಂದು ಚನ್ನಬಸಯ್ಯ ಮಾಸ್ತರರು ಬಸ್ಸಿನ ಗದ್ದಲವನ್ನೂ ಮೀರಿಸಿ ಹೇಳಿದರು. ಅವರ ತಲೆಯಲ್ಲಿ ಜುಟ್ಟಿಗೆ ಸಾಲುವಷ್ಟು ಕೂದಲೇನೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಬಸವಣ್ಣೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳೇನೋ. ಇವತ್ತು ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದು, "ಏನಾತ್ರಿ ಸರ?" ಎಂದಳು.

"ಏನಾಗಬೇಕ್ರಿ? ನಮ್ಮ ಬಾಜೂ ಮಂಡಲದಾಗ ಠರಾವು ಪಾಸ್ ಮಾಡ್ಯಾರ. ಮಾಸ್ತರ ಆದಾಂವ ಸಾಲಿ ಇದ್ದ ಊರಾಗ ಮನಿ ಮಾಡಿ ಇರಬೇಕಂತ. ಇಲ್ಲಾಂದ್ರ ಜಿಲ್ಲಾ ಪರಿಷತ್ತಿಗೆ ಬರೀತಾರಂತ. ಅವರು ನೌಕರಿಯಿಂದನ ತಗೀಲಿ, ಕಾಡಿನಾಗಿನ ಸಾಲಿಗೆ ಒಗೀಲಿ, ಕೇಳಾವ್ರ ಯಾರು?"

ಬೆಳಗಾವಿಯಿಂದ ಖಾನಾಪುರಕ್ಕೆ ಬರುವ ಆ ಬೆಳಗಿನ ಬಸ್ಸನ್ನು ಜನ ಮಾಸ್ತರರ ಬಸ್ಸು ಎಂದೇ ಕರೆಯುತ್ತಿದ್ದರು. ಊಟದ ಡಬ್ಬಿ, ಕೊಡೆ, ಮಡಿಚಿದ ಪೇಪರು ಹಿಡಿದು ಹತ್ತುವವರೆಲ್ಲ ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿದು ಒಂದೊಂದು ಹಳ್ಳಿಯ ದಾರಿ ಹಿಡಿಯುತ್ತಿದ್ದರು, ಸಂಜೆ ಮತ್ತೆ ಅದೇ ಸೀಟುಗಳಲ್ಲಿ ಬಂದು ಕೂಡುತ್ತಿದ್ದರು. ಶಾಲೆ ಇರುವ ಊರಲ್ಲೇ ಮಾಸ್ತರರು ಇರಬೇಕೆಂಬ ನಿಯಮ ಮೊದಲಿನಿಂದಲೂ ಇತ್ತು. ಆದರೆ ಅದನ್ನು ನೋಡಬೇಕಾದ ಸಾಹೇಬರು ವರ್ಷಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದರು, ಜೀಪಿಗಿಂತ ಮುಂಚೆ ಅದರ ಸುದ್ದಿ ಬರುತ್ತಿತ್ತು. ಈಗ ಹೊಸ ಕಾಯಿದೆ. ತಾಲೂಕು ಬೋರ್ಡು ಹೋಗಿ ಜಿಲ್ಲಾ ಪರಿಷತ್ತು ಬಂತು, ಹಳೆಯ ಪಂಚಾಯತಿ ಹೋಗಿ ಮಂಡಲ ಪಂಚಾಯತಿ ಬಂತು. ಎಂಬತ್ತೇಳರ ಜನವರಿಯಲ್ಲಿ ಚುನಾವಣೆ ಮುಗಿದು, ಬೇಸಿಗೆಯ ಸೂಟಿ ಕಳೆದು ಶಾಲೆ ತೆರೆಯುವಷ್ಟರಲ್ಲಿ ಹಳ್ಳಿಯ ಶಾಲೆಗಳೆಲ್ಲ ಹೊಸಬರ ಕೈಗೆ ಬಂದಿದ್ದವು. ಮಂಡಲದ ಮೆಂಬರಿಗೆ ಜೀಪು ಬೇಕಿಲ್ಲ. ತನ್ನ ಮನೆಯ ಕಟ್ಟೆಯ ಮೇಲೆ ಕೂತು ಬೇವಿನಕಡ್ಡಿಯಿಂದ ಹಲ್ಲು ತಿಕ್ಕುತ್ತಲೇ ಮಾಸ್ತರ ಬಂದನೋ ಇಲ್ಲವೋ ಎಂದು ನೋಡಬಹುದು.

"ಏನರ ಯುಕ್ತಿ ಮಾಡಬೇಕ್ರಿ," ಎಂದರು ಚನ್ನಬಸಯ್ಯ. "ಹಾವೂ ಸಾಯಬಾರದು, ಕೋಲೂ..." ಅಷ್ಟಕ್ಕೇ ತಡೆದು ನಾಲಿಗೆ ಕಚ್ಚಿಕೊಂಡರು. ಬಸವಣ್ಣೆವ್ವ ಕಿಟಕಿಯ ಆಚೆ ನೋಡಿದಳು. ಮಾಸ್ತರರು ಪೇಪರು ಬಿಡಿಸಿ ಅದರ ಹಿಂದೆ ಮರೆಯಾದರು.

ಖಾನಾಪುರದಿಂದ ಬೀಡಿಯ ಕಡೆ ಹೋಗುವ ಬಸ್ಸು ಎಂದಿನಂತೆ ತಡವಾಗಿ ಹೊರಟಿತು. ಕಲಮಡ್ಡಿಯ ತಿರುವಿನಲ್ಲಿ ಇಳಿದು, ಕೆಂಪು ಮಣ್ಣಿನ ದಾರಿಯಲ್ಲಿ ಕಾಲೆಳೆಯುತ್ತ ಅವಳು ಊರು ಮುಟ್ಟುವಾಗ ಹೊತ್ತು ಹನ್ನೊಂದರ ಸಮೀಪ. ದಾರಿಯ ಪಕ್ಕ ಸುಣ್ಣ ಬಳಿದ ಮೊಳಕಾಲೆತ್ತರದ ಸೀಮೆಕಲ್ಲು, ಅದರಿಂದ ನಾಲ್ಕು ಮಾರು ಒಳಗೆ ಅವಳು ಕಲಿಸುವ ಶಾಲೆ. ಒಳಗಿನಿಂದ ಮಗ್ಗಿ ಕೇಳುತ್ತಿತ್ತು. ದೊಡ್ಡ ಹುಡುಗಿಯೊಬ್ಬಳು ಹೇಳುವುದು, ಉಳಿದವರು ಕೂಗುವುದು. ಬಾಗಿಲಲ್ಲಿ ಸಿದ್ದಕ್ಕ ಕಸಬರಿಗೆ ಹಿಡಿದು ನಿಂತಿದ್ದಳು.

ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಬಾಗಿಲ ಕೀಲಿ ಸಿದ್ದಕ್ಕನ ಸೊಂಟದಲ್ಲಿ ಇರುತ್ತಿತ್ತು. ಹತ್ತಕ್ಕೆ ಆಕೆ ಬಾಗಿಲು ತೆಗೆದು, ಕಸ ಹೊಡೆದು, ತೊಲೆಗೆ ಕಟ್ಟಿದ ಕಬ್ಬಿಣದ ತುಂಡನ್ನು ಬಾರಿಸಿ, ಕುರಿ ಹಟ್ಟಿಗೆ ತುಂಬುವಂತೆ ಮಕ್ಕಳನ್ನು ಒಳಗೆ ತುಂಬುತ್ತಿದ್ದಳು. ಅಕ್ಷರ ಬಾರದ ಕುರುಬರ ಹೆಣ್ಣುಮಗಳು. ಹಾಗೆ ಮಾಡೆಂದು ಬಸವಣ್ಣೆವ್ವ ಕೇಳಿದ್ದಿಲ್ಲ, ಯಾಕೆ ಮಾಡುತ್ತೇನೆಂದು ಆಕೆ ಹೇಳಿದ್ದೂ ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಬಂದ್ರ್ಯಾ?" ಎಂದು ಸಿದ್ದಕ್ಕ ಕೀಲಿಕೈ ಚಾಚಿದಳು. ಬೆರಳಿನಲ್ಲಿ ಕುರಿಯ ಜಿಡ್ಡು, ಹಣೆಯಲ್ಲಿ ಭಂಡಾರದ ಹಳದಿ. ಚುನಾವಣೆಯಲ್ಲಿ ಹೆಂಗಸರಿಗೆಂದು ಮೀಸಲಿಟ್ಟ ಸೀಟಿಗೆ ಊರ ತಮ್ಮಣ್ಣ ಈಕೆಯನ್ನೇ ನಿಲ್ಲಿಸಿದ್ದ. ಬಾಯಿ ಬಿಡದ ಹೆಂಗಸು ಬೇಕಾಗಿತ್ತು ಅವನಿಗೆ, ಕುರುಬರ ಓಣಿಯ ಓಟೂ ಬೇಕಾಗಿತ್ತು. ಅವನು ಪ್ರಧಾನನಾದ, ಈಕೆ ಮೆಂಬರಾದಳು. ಕಸಬರಿಗೆ ಮಾತ್ರ ಕೈಯಲ್ಲೇ ಉಳಿದಿತ್ತು.

"ಬಂದೆ. ನೀವು... ನೀವು ಊಟ ಮಾಡಿದ್ರ್ಯಾ?" ಎಂದಳು ಬಸವಣ್ಣೆವ್ವ.

ಸಿದ್ದಕ್ಕ ಅವಳ ಮುಖವನ್ನೇ ನೋಡಿದಳು. ನಾಲ್ಕು ವರ್ಷ 'ನೀ' ಎನ್ನಿಸಿಕೊಂಡವಳು. "ಇದೇನ್ರಿ ಅಕ್ಕೋರ, ನನಗ ಬಹುವಚನ?" ಎಂದು ನಕ್ಕಳು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಬುಧವಾರ ಮಂಡಲದ ಸಭಾ ಐತ್ರಿ. ಪ್ರಧಾನರು ನಿಮ್ಮನ್ನ ಕರದಾರ. ಸಾಲಿ ವಿಚಾರ ಅಂತ."

"ಎಲ್ಲಿ ಸಭಾ?"

"ಆಫೀಸು ಇನ್ನೂ ಆಗಿಲ್ಲಲ್ರಿ. ಗುಡಿ ಕಟ್ಟಿಮ್ಯಾಲ." ಹೇಳಿದವಳೇ ಸಿದ್ದಕ್ಕ ಕಣ್ಣು ಕೆಳಗೆ ಹಾಕಿದಳು.

ಬಸವಣ್ಣೆವ್ವ ಕೀಲಿಕೈ ತೆಗೆದುಕೊಂಡಳು. ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. ಮಕ್ಕಳು ಮಗ್ಗಿ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರೆ, ಮುಂದೆ ಹೇಳ್ರೆಂದು ಕೈಸನ್ನೆ ಮಾಡಿದಳು.

ಶಾಲೆಗೆ ಅಂಟಿಕೊಂಡೇ ಒಂದು ಕೋಣೆ ಇತ್ತು. ಮಾಸ್ತರರಿಗೆಂದು ಕಟ್ಟಿದ್ದು. ಅದರ ಕೊಂಡಿಗೆ ತುಕ್ಕು ಹಿಡಿದಿತ್ತು. ಅಲ್ಲಿ ಬಸವಣ್ಣೆವ್ವ ಗಂಡನ ಜೊತೆ ಸಂಸಾರ ಮಾಡಿದ್ದಳು. ಗಂಡ ಗುರುಪುತ್ರಪ್ಪ ಈ ಶಾಲೆಯ ಮಾಸ್ತರ, ಊರವರ ಬಾಯಲ್ಲಿ ಗುರುಗಳು. ಎಂಬತ್ಮೂರರ ಮೊದಲ ಮಳೆ ಬಿದ್ದ ದಿನ, ದೀಪ ಹಚ್ಚುವ ಹೊತ್ತಿನಲ್ಲಿ, "ಎರಡು ಕುಳ್ಳು ತಗೊಂಡ ಬರ್ರಿ," ಎಂದವಳು ಅವಳೇ. ಅವನು ಗೋಡೆಯ ಬುಡದ ಬೆರಣಿಯ ರಾಶಿಯಲ್ಲಿ ಕೈ ಹಾಕಿದ.

ಕಲಮಡ್ಡಿಯ ಜನ ಹಾವು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹುಳ ಮುಟ್ಟಿತು ಎನ್ನುತ್ತಾರೆ. ಹುಳ ಮುಟ್ಟಿದವರನ್ನು ಮೈಲಾರಲಿಂಗನ ಗುಡಿಯ ಕಟ್ಟೆಯ ಮೇಲೆ ಮಲಗಿಸಿ ಮೈಗೆ ಭಂಡಾರದ ಅರಿಸಿನ ಪೂಸುತ್ತಾರೆ. ಸೂರ್ಯ ಹುಟ್ಟುವ ತನಕ ಸೀಮೆಕಲ್ಲು ದಾಟಿಸುವುದಿಲ್ಲ. ಕಲ್ಲಿನ ಒಳಗೆ ದೇವರ ಕಾವಲು ಇರುತ್ತದೆ, ಹೊರಗೆ ಯಾರೂ ಇಲ್ಲ, ವಿಷ ಕಲ್ಲು ದಾಟಿದರೆ ತಲೆಗೇರುತ್ತದೆ. ಇದು ಅವರ ಅಜ್ಜಂದಿರ ಕಾಲದ ಕಟ್ಟಳೆ. ಸಿದ್ದಕ್ಕನ ಗಂಡ ಗುರುಸಿದ್ದನ ಚಕ್ಕಡಿ ಅಂದು ಗುಡಿಯ ಎದುರಿಗೇ ನಿಂತಿತ್ತು, ಎತ್ತುಗಳು ಮೇವು ಮುಗಿಸಿ ಮೆಲುಕು ಹಾಕುತ್ತಿದ್ದವು. ಖಾನಾಪುರದ ದವಾಖಾನೆಗೆ ಒಯ್ಯಿರೆಂದು ಬಸವಣ್ಣೆವ್ವ ಕೈ ಮುಗಿದಳು. "ಕಲ್ಲು ದಾಟಿಸಬ್ಯಾಡ್ರಿ ಅಕ್ಕಾ, ನನ್ನ ಮಾತು ಕೇಳ್ರಿ, ಮೈಲಾರಲಿಂಗ ಕಾಯ್ತಾನ," ಎಂದು ಅವಳ ಕೈ ಹಿಡಿದುಕೊಂಡವಳು ಸಿದ್ದಕ್ಕ. ಸುಳ್ಳು ಹೇಳುವ ಮುಖವಲ್ಲ ಅದು. ಬಸವಣ್ಣೆವ್ವ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಆರು ವರ್ಷದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ನಂಬಿ ಕೂತಳು. ಬೆಳಗಾದ ಮೇಲೆ ಎತ್ತು ಹೂಡಿದರು. ಮಲಪ್ರಭೆಯ ಸೇತುವೆಗೆ ಬರುವ ಮುಂಚೆಯೇ ಚಕ್ಕಡಿಯಲ್ಲಿ ಅವಳು ವಿಧವೆಯಾಗಿದ್ದಳು.

ಗಂಡನ ನೌಕರಿ ಹೆಂಡತಿಗೆ ಸಿಕ್ಕಿತು. ಸರಕಾರದ ದಯೆಗೂ ಒಂದು ವಕ್ರತನ ಇರುತ್ತದೆ, ಖಾಲಿ ಇದ್ದ ಜಾಗ ಯಾವುದೆಂದರೆ ಗಂಡ ಸತ್ತ ಜಾಗವೇ. ಅವಳು ಬೇಡವೆನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಅತ್ತೆ ಶಿವಲಿಂಗವ್ವನನ್ನೂ ಮಗಳು ನೀಲಾಳನ್ನೂ ಅಲ್ಲಿಟ್ಟುಕೊಂಡು, ದಿನವೂ ಬಂದು ಹೋಗತೊಡಗಿದಳು. ಹಗಲು ಆ ಊರಲ್ಲಿ ಕಳೆಯುವುದನ್ನು ಕಲಿತಳು. ರಾತ್ರಿ ಮಾತ್ರ ಆಗದು. ಸಂಜೆಯ ಬಸ್ಸು ಐದು ನಿಮಿಷ ತಡವಾದರೂ ತಿರುವಿನಲ್ಲಿ ನಿಂತು ನಡುಗುತ್ತಿದ್ದಳು. ಹಗ್ಗದ ತುಂಡು, ಎತ್ತಿನ ಬಾರುಕೋಲು, ಒದ್ದೆ ಸೀರೆಯ ಪಟ್ಟಿ, ಯಾವುದು ನೆಲದಲ್ಲಿ ಬಿದ್ದಿದ್ದರೂ ದೂರದಿಂದಲೇ ಸುತ್ತಿ ಹೋಗುತ್ತಿದ್ದಳು. ಗುಡಿಯ ಓಣಿಗೆ ಅವಳು ಮತ್ತೆ ಕಾಲಿಟ್ಟಿರಲಿಲ್ಲ. ಟಿಳಕವಾಡಿಯ ಮನೆಯಲ್ಲಿ ಸ್ಟೋವಿನ ಮೇಲೆ ಅಡುಗೆ. ಕುಳ್ಳು ಹೊಸ್ತಿಲ ಒಳಗೆ ಬರಬಾರದು.

ಆ ಸಂಜೆ ಅತ್ತೆಗೆ ಸುದ್ದಿ ಹೇಳಿದಾಗ ಶಿವಲಿಂಗವ್ವ ಬಿಡಿಸುತ್ತಿದ್ದ ಮೆಂತೆಸೊಪ್ಪನ್ನು ಪಕ್ಕಕ್ಕಿಟ್ಟಳು. "ನೌಕರಿ ಬಿಡು. ಮಗನ್ನ ಕಳ್ಕೊಂಡೀನಿ, ನಿನ್ನ ಕಳ್ಕೊಳ್ಳಾಕ ನನ್ನ ಕಡೆ ಆಗಂಗಿಲ್ಲ," ಎಂದಳು.

"ಬಿಟ್ಟು ಏನ್ ತಿನ್ನೂಣ್ರಿ ಅತ್ತಿ?"

ಮುದುಕಿ ಸೊಪ್ಪನ್ನು ಮತ್ತೆ ಎಳೆದುಕೊಂಡಳು. ತನ್ನ ತಮ್ಮನನ್ನು ಕೇಳು ಎಂದಳು. ಆ ತಮ್ಮ ಗುರುಪಾದಪ್ಪನದು ರವಿವಾರ ಪೇಟೆಯಲ್ಲಿ ಬೆಲ್ಲದ ಅಡತಿ ಅಂಗಡಿ. ನಾಲ್ಕು ಜನ ದೊಡ್ಡವರ ಪರಿಚಯ ಇದ್ದವನು. ಮರುದಿನ ರಜೆ ಹಾಕಿ ಬಸವಣ್ಣೆವ್ವ ಅವನ ಗಾದಿಯ ಎದುರು ಹೋಗಿ ನಿಂತಳು. ನೊಣ ಮುತ್ತಿದ ಬೆಲ್ಲದ ಪೆಂಟೆಗಳ ನಡುವೆ ಕೂತು ಗುರುಪಾದಪ್ಪ ಎಲ್ಲ ಕೇಳಿಸಿಕೊಂಡ.

"ಜಿಲ್ಲಾ ಪರಿಷತ್ತಿನ್ಯಾಗ ಈಗ ಯಾರ ಮಾತು ಯಾರು ಕೇಳ್ತಾರ ಅನ್ನೂದ ತಿಳೀವಲ್ದು ತಂಗೀ. ಎಲ್ಲಾರೂ ಹೊಸಬ್ರು. ಹಳೇ ಸಾಹೇಬಗ ಹೆಂಗ ಮಾತಾಡಬೇಕಂತ ಗೊತ್ತಿತ್ತು, ಇವರದು ಗೊತ್ತಿಲ್ಲ," ಎಂದ. ಬೆಲ್ಲದ ಮೇಲಿನ ನೊಣ ಓಡಿಸುತ್ತ, "ಬಾಗಲಾ ತಗಿಯಾಕಿ ಯಾರಂದಿ? ಆಕೀನ ಮೆಂಬರ್ ಹೌದಲ್ಲೋ? ಆಕೀ ಬಾಯಿಲೆ ಹೇಳ್ಸು. ಅಕ್ಕೋರು ದಿನಾ ಹತ್ತಕ್ಕ ಬರ್ತಾರ, ಸಾಲಿ ಛಂದ ನಡದೈತಿ ಅಂತ ಆಕಿ ಒಂದು ಮಾತು ಅಂದ್ರ ಮುಗೀತು. ಹೆಣ್ಣಮಗಳು, ಒಂದು ಇಳಕಲ್ ಸೀರಿ ಉಡಿಸು," ಎಂದ. ಎದುರಿನ ಅಂಗಡಿಯಿಂದ ತಾನೇ ಒಂದು ಸೀರೆ ತರಿಸಿಯೂ ಕೊಟ್ಟ. ಕೆಂಪು ಸೆರಗು, ಗಿಣಿಹಸಿರು ಒಡಲು.

ಸೋಮವಾರ ಶಾಲೆ ಬಿಟ್ಟ ಮೇಲೆ ಬಸವಣ್ಣೆವ್ವ ಆ ಸೀರೆಯನ್ನು ಚೀಲದಿಂದ ತೆಗೆದಳು. ಇಂಥ ಕೆಲಸ ಮಾಡಿ ರೂಢಿ ಇರಲಿಲ್ಲವಾದ್ದರಿಂದ ಮಾತು ತಡವರಿಸಿತು.

"ಸಿದ್ದಕ್ಕಾ, ಇದನ್ನ ಉಟ್ಟಕೊಂಡು ಸಭಾಕ್ಕ ಹೋಗು. ಅಲ್ಲೆ ಕೇಳಿದ್ರ... ನಾ ಹತ್ತಕ್ಕ ಬರ್ತೀನಿ ಅಂತ ಹೇಳು. ಅಷ್ಟ ಸಾಕು. ಇಲ್ಲಂದ್ರ ನನ್ನ ಆ ಖೋಲ್ಯಾಗ ಇರು ಅಂತಾರ. ನನ್ನ ಕಡೆ ಆಗಂಗಿಲ್ಲವಾ. ನಾ ಸಾಯ್ತೀನಿ."

ಸಿದ್ದಕ್ಕ ಸೀರೆಯನ್ನು ಮುಟ್ಟಲಿಲ್ಲ. ಆ ಕೋಣೆಯ ತುಕ್ಕುಹಿಡಿದ ಕೊಂಡಿಯ ಕಡೆ ನೋಡಿ, "ಬಸ್ಸಿಗೆ ಹೊತ್ತಾತ್ರಿ," ಎಂದಳು. ಸೀರೆಯನ್ನು ಮೇಜಿನ ಮೇಲೆ ಬಿಟ್ಟು ಬಸವಣ್ಣೆವ್ವ ಓಡಿದಳು. ಮರುದಿನ ಬಂದು ನೋಡಿದರೆ ಅದು ಅವಳ ಕುರ್ಚಿಯ ಮೇಲೆ, ಮಡಿಕೆ ಕೆಡದಂತೆ, ಕುಳಿತಿತ್ತು. ಕೀಲಿಕೈ ಅದರ ಮೇಲಿತ್ತು. ಆ ದಿನ ಸಿದ್ದಕ್ಕ ಅವಳಿಗಾಗಿ ಬಾಗಿಲಲ್ಲಿ ಕಾಯಲಿಲ್ಲ.

ಈಗ ಹೆದರಿಕೆ ಎರಡಾಯಿತು. ತಡವಾಗಿ ಬರುವುದು ಒಂದು ತಪ್ಪು, ಮೆಂಬರಿಗೆ ಸೀರೆ ಕೊಡಲು ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ಸಿದ್ದಕ್ಕ ಅದನ್ನೂ ಸಭೆಯಲ್ಲಿ ಹೇಳಿಬಿಟ್ಟರೆ? ಬಸವಣ್ಣೆವ್ವ ಮಂಗಳವಾರ ಊಟ ಮಾಡಲಿಲ್ಲ. ನೀಲಾ ಪಕ್ಕದಲ್ಲಿ ಮಲಗಿ, "ಯವ್ವಾ, ನಿನ್ನ ಕೈ ಯಾಕ ತಣ್ಣಗದಾವ?" ಎಂದು ಕೇಳಿದರೆ, "ಪಾತ್ರಿ ತೊಳದೆ," ಎಂದು ಸುಳ್ಳು ಹೇಳಿದಳು.

ಬುಧವಾರ ಮೋಡ ಕಟ್ಟಿತ್ತು, ಮಳೆ ಇರಲಿಲ್ಲ. ಗುಡಿಯ ಓಣಿ ಮೊದಲಿನಂತೆಯೇ ಇತ್ತು. ಅದೇ ಗುಡಿ, ಅದೇ ಕಟ್ಟೆ, ಭಂಡಾರದ ಹಳದಿ ಹತ್ತಿ ಹತ್ತಿ ಬಣ್ಣಗೆಟ್ಟ ಕಲ್ಲು. ಕಟ್ಟೆಯ ಮೇಲೆ ಜಮಖಾನ ಹಾಸಿ ಮೆಂಬರರು ಕೂತಿದ್ದರು. ಎಲ್ಲಿ ಗುರುಪುತ್ರಪ್ಪನ ತಲೆ ಇತ್ತೋ ಅಲ್ಲಿ ಈಗ ಕಾರ್ಯದರ್ಶಿ ಕೂತು ಪೆನ್ನಿಗೆ ಶಾಯಿ ತುಂಬುತ್ತಿದ್ದ. ಬಸವಣ್ಣೆವ್ವ ಕೆಳಗೇ ನಿಂತಳು.

"ಮ್ಯಾಲ ಬರ್ರಿ ಅಕ್ಕೋರ, ಕುಂದರ್ರಿ," ಎಂದ ಪ್ರಧಾನ ತಮ್ಮಣ್ಣ. ಭತ್ತದ ಗಿರಣಿಯ ಮಾಲೀಕ, ಕೆಟ್ಟವನೇನಲ್ಲ. ಹೊಸದಾಗಿ ಸಿಕ್ಕ ಅಧಿಕಾರವನ್ನು ಹೊಸ ಚಪ್ಪಲಿಯಂತೆ ಎಲ್ಲಿ ಹಾಕಿಕೊಂಡು ತಿರುಗಲಿ ಎಂದು ನೋಡುತ್ತಿದ್ದವನು, ಅಷ್ಟೇ.

"ಇಲ್ಲೇ ನಿಲ್ತೀನ್ರಿ."

"ನಿಮ್ಮ ಮರ್ಜಿ." ತಮ್ಮಣ್ಣ ಗಂಟಲು ಸರಿಮಾಡಿಕೊಂಡ. "ನೋಡ್ರಿ, ಮೊದಲ ನಮಗ ಕೇಳೂ ಅಧಿಕಾರ ಇರಲಿಲ್ಲ. ಈಗ ಕಾಯ್ದೇ ಕೊಟ್ಟೈತಿ. ಸಾಲಿ ನಮ್ಮದು, ಮಕ್ಕಳು ನಮ್ಮವು. ಅಕ್ಕೋರು ಹೊತ್ತಿಗೆ ಸರಿಯಾಗಿ ಬರ್ತಾರೋ ಇಲ್ಲೋ? ಸಾಲಿ ಬಾಜೂಕ ಇರಾಕಿ ಸಿದ್ದಕ್ಕ. ಆಕೀನ ಹೇಳ್ಲಿ."

ಕಟ್ಟೆಯ ತುದಿಯಲ್ಲಿ, ಗಂಡಸರಿಂದ ದೂರ, ಸಿದ್ದಕ್ಕ ಕಂಬಕ್ಕೆ ಆತು ಕೂತಿದ್ದಳು. ಹಳೆಯ ಸೀರೆಯನ್ನೇ ಉಟ್ಟಿದ್ದಳು. ಇದುವರೆಗಿನ ಸಭೆಗಳಲ್ಲಿ ಆಕೆ ಮಾಡಿದ ಕೆಲಸವೆಂದರೆ ಎಲ್ಲರೂ ಕೈ ಎತ್ತಿದಾಗ ಕೈ ಎತ್ತುವುದು. ತಮ್ಮಣ್ಣ ಪೂಜಾರಿಗೆ ಸನ್ನೆ ಮಾಡಿದ. ಪೂಜಾರಿ ಒಳಗಿನಿಂದ ಭಂಡಾರದ ಬಟ್ಟಲು ತಂದು ಆಕೆಯ ಮುಂದೆ ಇಟ್ಟ.

"ಪ್ರಧಾನ್ರ, ಇದು ಕಾಯ್ದೇದಾಗ ಇಲ್ರಿ," ಎಂದ ಕಾರ್ಯದರ್ಶಿ ಮೆಲ್ಲಗೆ.

"ಊರಾಗ ಐತಿ," ಎಂದ ತಮ್ಮಣ್ಣ.

ಭಂಡಾರ ಮುಟ್ಟಿದ ಮೇಲೆ ಈ ಜನ ಸುಳ್ಳು ಆಡುವುದಿಲ್ಲ. ಕುರಿ ಕದ್ದವನು ಕದ್ದೆ ಎಂದು ಒಪ್ಪಿಕೊಂಡದ್ದನ್ನು ಬಸವಣ್ಣೆವ್ವನೇ ಕಂಡಿದ್ದಳು. ಮುಗಿಯಿತು. ಓಡಿಹೋಗಬೇಕೆನ್ನಿಸಿತು.

ಸಿದ್ದಕ್ಕ ಬಟ್ಟಲಿನಲ್ಲಿ ಬಲಗೈ ಊರಿದಳು. ತೆಗೆದಾಗ ಕೈ ಮಣಿಕಟ್ಟಿನ ತನಕ ಹಳದಿಯಾಗಿತ್ತು.

"ಅಕ್ಕೋರು ಹತ್ತಕ್ಕ ಬರೂದಿಲ್ರಿ," ಎಂದಳು. "ಹನ್ನೊಂದಕ್ಕ ಬರ್ತಾರ. ನಾಕ ವರ್ಷ ಆತು, ಬಾಗಲಾ ನಾನ ತಗೀತೀನಿ, ಗಂಟಿ ನಾನ ಬಾರಸ್ತೀನಿ. ಸಂಜೀಕ ಬಸ್ಸಿನ ಸಲುವಾಗಿ ಲಗೂನ ಬಿಡ್ತಾರ. ಖರೇ ಹೇಳೀನಿ."

ಕಾರ್ಯದರ್ಶಿಯ ಪೆನ್ನು ಓಡತೊಡಗಿತು. ಯಾರೋ ಕೆಮ್ಮಿದರು. "ಆತಲ್ಲ. ಇನ್ನ ಕುಂದರವಾ," ಎಂದ ತಮ್ಮಣ್ಣ.

ಸಿದ್ದಕ್ಕ ಕೂತಿದ್ದವಳು ಎದ್ದಳು. ಗಂಡಸರ ಸಭೆಯಲ್ಲಿ ಆಕೆ ಎದ್ದು ನಿಂತದ್ದು ಅದೇ ಮೊದಲು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡ ಕೈಯ ಹಳದಿ ಸೆರಗಿಗೂ ಹತ್ತಿತು.

"ಇನ್ನೂ ಐತ್ರಿ. ಭಂಡಾರ ಮುಟ್ಟೀನಿ, ಅರ್ಧಾ ಹೇಳಿ ಕುಂದ್ರಾಕ ಬರೂದಿಲ್ಲ. ಅವರು ಊರಾಗ ಯಾಕ ಇರೂದಿಲ್ಲ, ಅದನ್ನ ಯಾರೂ ಕೇಳವಲ್ರಿ. ಗುರುಗಳಿಗೆ ಹುಳಾ ಮುಟ್ಟಿದಾಗ ಇದ ಕಟ್ಟಿಮ್ಯಾಲ ಹಾಕಿದ್ವಿ. ಇಲ್ಲೇ. ಎತ್ತು ಇದ್ದುವು, ಚಕ್ಕಡಿ ಇತ್ತು. ನಮ್ಮದ ಚಕ್ಕಡಿ. ಇವರು ಕೈ ಮುಗದು ಬೇಡಿದ್ರು. ನಾನ ಕೈ ಹಿಡದು ಕುಂದ್ರಿಸಿದೆ. ಬೆಳಗಾಗೂತನಕ ಎಲ್ಲಾರೂ ನೋಡ್ಕೋತ ಕುಂತ್ವಿ. ತಮ್ಮಣ್ಣಾ, ನೀನೂ ಇದ್ದಿ. ಹಣಮಪ್ಪ ಕಾಕಾ, ನೀವೂ ಇದ್ರಿ. ಕಲ್ಲು ದಾಟಿಸಿದ್ರ ಉಳೀತಿದ್ರೋ ಏನೋ, ನನಗ ಗೊತ್ತಿಲ್ಲ. ದಾಟಿಸಲಿಲ್ಲ." ಕಾರ್ಯದರ್ಶಿಯ ಕಡೆ ತಿರುಗಿ, "ಅದನ್ನೂ ಬರ್ಕೊಳ್ರಿ," ಎಂದಳು.

ಕಾರ್ಯದರ್ಶಿ ಬರೆಯಲಿಲ್ಲ. ಪ್ರಧಾನನ ಮುಖ ನೋಡಿದ. ಪ್ರಧಾನ ಜಮಖಾನದ ಎಳೆ ಕೀಳುತ್ತಿದ್ದ. ಹಣಮಪ್ಪ ಕಾಕಾ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆ ರಾತ್ರಿಯ ಮಾತು ಕಲಮಡ್ಡಿಯಲ್ಲಿ ನಾಲ್ಕು ವರ್ಷದಿಂದ ಯಾರೂ ಆಡಿರಲಿಲ್ಲ. ಬಸವಣ್ಣೆವ್ವನ ಎದುರಂತೂ ಗುರುಗಳ ಹೆಸರನ್ನೇ ಎತ್ತುತ್ತಿರಲಿಲ್ಲ. ಅದನ್ನು ತಾನೊಬ್ಬಳೇ ಹೊತ್ತು ತಿರುಗುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ಅಳು ಬಂತು. ಅಂಥ ಹೆದರಿಕೆಯ ನಡುವೆಯೂ, ಬೇಸಿಗೆಯಲ್ಲಿ ಯಾರೋ ತಂಬಿಗೆ ನೀರು ಕೊಟ್ಟ ಹಾಗೆ, ಒಂದು ಸಮಾಧಾನ ಎದೆಯೊಳಗೆ ಇಳಿಯಿತು. ಸೀರೆಯ ಮಾತನ್ನು ಸಿದ್ದಕ್ಕ ಎತ್ತಲಿಲ್ಲ.

"ಹಂಗಂತ ಸಾಲಿ ಹನ್ನೊಂದಕ್ಕ ತಗಿಯಾಕ ಬರೂದಿಲ್ಲವಾ," ಎಂದ ತಮ್ಮಣ್ಣ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. "ಮೂವತ್ತು ಮಕ್ಕಳದಾವು."

"ಬರೂದಿಲ್ಲ," ಎಂದು ಸಿದ್ದಕ್ಕನೂ ಒಪ್ಪಿದಳು. "ಅಕ್ಕೋರು ಇಲ್ಲೇ ಇರಬೇಕು. ನಾನೂ ಅದನ್ನ ಹೇಳ್ತೀನಿ. ಆದ್ರ ಆ ಖೋಲಿ ಮೊದಲ ಗಿಲಾವು ಮಾಡಸ್ರಿ. ತೂತು ಒಂದೂ ಉಳೀಬಾರದು. ಹುಳಾ ಮುಟ್ಟಿದ್ರ ಇನ್ನ ಕಟ್ಟಿಗೆ ತರಬಾರದು, ಅದನ್ನೂ ಠರಾವಿನ್ಯಾಗ ಹಾಕ್ರಿ."

"ಅಂಥಾ ಠರಾವು ಎಲ್ಯಾರ ಇರತೈತೇನು?"

"ನೀ ಹಾಕಿದ್ರ ಇರತೈತಿ."

ಪೂಜಾರಿ ಗುಡಿಯ ಕಡೆ ನೋಡಿ ಗಲ್ಲ ಬಡಿದುಕೊಂಡ. ಗಿಲಾವಿಗೆ ಎಲ್ಲರೂ ಕೈ ಎತ್ತಿದರು. ಕಟ್ಟೆಯ ಮಾತಿಗೆ ಒಂದೇ ಕೈ ಎದ್ದಿತು, ಹಳದಿ ಕೈ. ಆಮೇಲೆ ಹಣಮಪ್ಪ ಕಾಕಾನದು ಅರ್ಧ ಎದ್ದು, ಅಲ್ಲೇ ನಿಂತು, ತಲೆ ಕೆರೆದುಕೊಂಡು ಇಳಿಯಿತು. ಅದು ಪಾಸಾಗಲಿಲ್ಲ. ಮುಂದಿನ ಸಭೆಗೆ ನೋಡೋಣ ಎಂದ ತಮ್ಮಣ್ಣ. ಕೊನೆಗೆ ಕಾರ್ಯದರ್ಶಿ ಬಸವಣ್ಣೆವ್ವನ ಕಡೆ ತಿರುಗಿ, ಮುಂದಿನ ಸೋಮವಾರದಿಂದ ಊರಲ್ಲಿ ಇರುತ್ತೀರೋ ಹೇಗೆ, ಜಿಲ್ಲಾ ಪರಿಷತ್ತಿಗೆ ಏನಂತ ಬರೆಯಲಿ ಎಂದು ಕೇಳಿದ.

ಬಸವಣ್ಣೆವ್ವ ಸಿದ್ದಕ್ಕನ ಕಡೆ ನೋಡಿದಳು. ಆಕೆ ಇವಳ ಕಡೆ ನೋಡುತ್ತಿರಲಿಲ್ಲ, ತನ್ನ ಹಳದಿ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಇರ್ತೀನ್ರಿ," ಎಂದಳು ಬಸವಣ್ಣೆವ್ವ. ಹೇಳಿದ್ದು ತಾನೇ ಎಂಬುದು ಅವಳಿಗೆ ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು.

ಮುಂದಿನ ಸೋಮವಾರ ಸಂಜೆಯ ಬಸ್ಸು ತಿರುವಿನಲ್ಲಿ ನಿಂತು, ಎರಡು ಸಲ ಹಾರ್ನ್ ಹೊಡೆಯಿತು. ದಿನಾ ಹತ್ತುವ ಅಕ್ಕೋರು ಬರಲಿಲ್ಲವಲ್ಲ ಎಂದು ಕಂಡಕ್ಟರನಿಗೆ ಅನ್ನಿಸಿರಬೇಕು. ಶಾಲೆಯ ಬಾಗಿಲಲ್ಲಿ ನಿಂತ ಬಸವಣ್ಣೆವ್ವನ ಕಾಲು ತಾವಾಗಿ ಎರಡು ಹೆಜ್ಜೆ ಮುಂದೆ ಹೋದವು. ಬಸ್ಸು ಹೊರಟಿತು. ಅದರ ಸದ್ದು ಮಡ್ಡಿಯ ಆಚೆ ಪೂರ್ತಿ ಇಳಿದು ಹೋಗುವ ತನಕ ಅವಳು ಅಲ್ಲೇ ನಿಂತಿದ್ದಳು.

ನೀಲಾಳನ್ನು ಅತ್ತೆಯ ಹತ್ತಿರ ಟಿಳಕವಾಡಿಯಲ್ಲೇ ಬಿಟ್ಟು ಬಂದಿದ್ದಳು. ಕೋಣೆಗೆ ಗಿಲಾವು ಆಗಿತ್ತು. ಹಸಿ ಸಿಮೆಂಟಿನ ವಾಸನೆ. ಒಲೆಯ ಜಾಗದಲ್ಲಿ ಅವಳು ತಂದ ಸ್ಟೋವು, ಗೋಡೆಯ ಬುಡ ಖಾಲಿ. ಹಾಸಿಗೆಯನ್ನು ನೆಲಕ್ಕೆ ಹಾಸಲು ಧೈರ್ಯ ಬರದೆ ಶಾಲೆಯ ಎರಡು ಬೆಂಚುಗಳನ್ನು ಎಳೆದು ಜೋಡಿಸಿದಳು. ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ಟ್ರಂಕಿನ ಹಿಂದೆ ನೋಡಿದಳು. ಮತ್ತೆ ಬೆಂಚಿನ ಕೆಳಗೆ ನೋಡಿದಳು. ಹೆಂಚಿನ ಮೇಲೆ ಏನೋ ಸರಕ್ಕೆಂದಿತು. ಅಳಿಲೋ, ಎಲೆಯೋ. ಅವಳು ಬೆಂಚಿನ ಮೇಲೆ ಕಾಲು ಮೇಲೆತ್ತಿ ಕೂತು, ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಮಂತ್ರ ಬಾಯಿಗೆ ಬರಲಿಲ್ಲ. 'ಎರಡು ಕುಳ್ಳು ತಗೊಂಡ ಬರ್ರಿ' ಎಂಬ ತನ್ನದೇ ಮಾತು ಬಂತು. ಹೊರಗೆ ಮುಚ್ಚಂಜೆಯ ಬೆಳಕು ಇನ್ನೂ ಇತ್ತು. ಇದು ಹೋದ ಮೇಲೆ ಏನು ಮಾಡಲಿ ಎಂದು ಅವಳಿಗೆ ತಿಳಿಯಲಿಲ್ಲ. ತಪ್ಪು ಮಾಡಿದೆ, ಒಪ್ಪಬಾರದಿತ್ತು, ನಾಳೆ ರಾಜೀನಾಮೆ ಕೊಡುತ್ತೇನೆ, ನಾಳೆ ಎಂಬುದು ಒಂದು ಬಂದರೆ ಸಾಕು.

ಬಾಗಿಲ ಹೊರಗೆ ಏನೋ ಉಜ್ಜಿದ ಸದ್ದು. "ಯಾರು?" ಎಂದು ಕೂಗಿದಳು.

"ನಾನ್ರಿ."

ಬಾಗಿಲು ತೆಗೆದರೆ ಸಿದ್ದಕ್ಕ ಹೊಸ್ತಿಲಿನ ಉದ್ದಕ್ಕೂ ಕರಿಯ ಕಂಬಳಿ ಹಾಸುತ್ತಿದ್ದಳು. "ಕಂಬಳಿ ಚುಚ್ಚತೈತಂತ, ಹುಳಾ ಇದರ ಮ್ಯಾಲ ಹಾಯೂದಿಲ್ರಿ. ನಾ ಇಲ್ಲೇ ಬೀಳ್ತೀನಿ. ನೀವು ಒಳಗ ಚಿಲಕಾ ಹಾಕ್ಕೊರಿ," ಎಂದಳು. ಕಂಬಳಿಯ ಮೂಲೆಯನ್ನು ಜಗ್ಗಿ ಸರಿಮಾಡುತ್ತ, ತಲೆ ಎತ್ತದೆ, "ಊಟ ಆತೇನ್ರಿ?" ಎಂದು ಕೇಳಿದಳು.

"ಇಲ್ಲ. ನಿಂದು?"

"ನಂದೂ ಇಲ್ಲ."

ದಾರಿಯ ಕಡೆಯಿಂದ ಎತ್ತಿನ ಕೊರಳಗಂಟೆ ಕೇಳಿಸಿತು. ಬಸವಣ್ಣೆವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಗುರುಸಿದ್ದ ಚಕ್ಕಡಿಯನ್ನು ಊರಿನಿಂದ ಹೊಡೆದುಕೊಂಡು ಬರುತ್ತಿದ್ದ. ಶಾಲೆಯ ಎದುರು ನಿಲ್ಲಿಸಲಿಲ್ಲ. ಸುಣ್ಣದ ಸೀಮೆಕಲ್ಲನ್ನು ದಾಟಿ, ಅದರ ಆಚೆ ನಿಲ್ಲಿಸಿದ. ಎತ್ತುಗಳನ್ನು ನೊಗದಿಂದ ಬಿಚ್ಚಿ, ದೂರ ಒಯ್ಯದೆ ಗಾಲಿಗೇ ಕಟ್ಟಿ, ಮುಂದೆ ಎರಡು ಹಿಡಿ ಮೇವು ಹಾಕಿದ. ಚಕ್ಕಡಿಯೊಳಗೆ ಹುಲ್ಲು ಹರಡಿತ್ತು, ಹುಲ್ಲಿನ ಮೇಲೆ ಒಂದು ಕೌದಿ. ಲಾಟೀನು ಹಚ್ಚಿ ಅದನ್ನು ಗಾಡಿಯ ಕೆಳಗೆ ತೂಗುಹಾಕಿದ. ನೊಗ ಖಾನಾಪುರದ ದಾರಿಗೆ ಮುಖ ಮಾಡಿತ್ತು.